ಗಂಗಲಕ್ಷ್ಮಿಯ ಕಡೆಯವರು

1

ಈ ಕಥೆಯ ಮೊದಲ ವಾಕ್ಯದ ಸೀಟಿಗೆ ಮೂರು ವಾಕ್ಯಗಳು ಅರ್ಜಿ ಹಾಕಿವೆ. ಸೀಟಿರುವುದು ಒಂದೇ.

ಮೊದಲನೆಯ ಅಭ್ಯರ್ಥಿ: 'ದೊಡ್ಡಉಳ್ಳಾರ್ತಿಯ ಕಾವಲಿನ ಮೇಲೆ ಸೂರ್ಯ ಕೆಂಪಗೆ ಮೂಡುತ್ತಿದ್ದ.' ಯಾಕೆ, ಬೇರೆ ಕಡೆ ಹಸಿರಗೆ ಮೂಡುತ್ತಾನೋ? ರಿಜೆಕ್ಟ್. ಎರಡನೆಯದು: 'ಕಾನೂನೆಂಬುದು ಮನುಷ್ಯನು ಮನುಷ್ಯನಿಗಾಗಿ...' ಸಾಕು ಮಾರಾಯ, ನಿನಗೆ ಸೀಟಲ್ಲ, ಸನ್ಮಾನ ಬೇಕಾಗಿದೆ. ಮೂರನೆಯದು ಬಡಪಾಯಿ, ಬಾಗಿಲ ಹತ್ತಿರವೇ ನಿಂತಿತ್ತು: 'ಬಿ.ಎಸ್ಸಿ. ಪಾಸಾದ ಗಂಗಲಕ್ಷ್ಮಿ ಲಾ ಓದುತ್ತೇನೆ ಅಂದಳು.' ಇದರಲ್ಲಿ ಸೂರ್ಯನೂ ಇಲ್ಲ, ಉಪದೇಶವೂ ಇಲ್ಲ. ಆದರೆ ಇದನ್ನು ಕೇಳಿದ ಕೂಡಲೇ ಒಬ್ಬ ಅಪ್ಪ ಅರ್ಧ ಉಂಡ ಮುದ್ದೆ ಬಿಟ್ಟು ಎದ್ದ. ಹಾಗಾಗಿ ಸೀಟು ಇದಕ್ಕೇ ಹೋಯಿತು.

2

ಅಪ್ಪನ ಹೆಸರು ಕಾಮಣ್ಣ. ಕುರಿ ಸಾಕಿದವನು, ಹಟ್ಟಿಯಲ್ಲಿ ನಾಲ್ಕು ಜನ ಮಾತು ಕೇಳುವಂಥವನು. 1999ರಲ್ಲಿ ಅವನ ಚಿಕ್ಕ ಮಗಳು ಚಳ್ಳಕೆರೆಯ ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಾಗ ಹಟ್ಟಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದ್ದ. ಮುಂದಿನದೆಲ್ಲ ಅವನ ತಲೆಯಲ್ಲಿ ಆಗಲೇ ನಡೆದುಹೋಗಿತ್ತು. ಮಗಳು ಬಿ.ಎಡ್. ಮಾಡುತ್ತಾಳೆ, ಹೈಸ್ಕೂಲ್ ಮೇಡಂ ಆಗುತ್ತಾಳೆ, ಬಿ.ಜಿ. ಕೆರೆಯ ಬಸ್ಸಿನಲ್ಲಿ ಕಂಡಕ್ಟರ್ ಎದ್ದು ಸೀಟು ಬಿಡುತ್ತಾನೆ.

"ಅಲ್ಲಮ್ಮಾ, ಸೈನ್ಸ್ ಓದ್ಸಿದ್ದು ಕರೀಕೋಟು ಹಾಕ್ಕೊಂಡು ಕಂಡೋರ ಜಗಳ ಆಡ್ಲಿ ಅಂತಾನಾ?"

"ಯಾವ ಡಿಗ್ರಿ ಆದ್ರೂ ಲಾಗೆ ಆಗ್ತೈತಪ್ಪಾ. ಸೈನ್ಸಾದ್ರೂ ಆಗ್ತೈತೆ."

"ಆಗ್ತೈತೆ ಅಂತ ಆಗ್ಲೇಬೇಕೇನು?"

ಪ್ರಶ್ನೆ ಚೆನ್ನಾಗಿದೆ. ಇಲ್ಲಿ ಗಂಗಲಕ್ಷ್ಮಿಯ ಕಣ್ಣಲ್ಲಿ ಎರಡು ಹನಿ ನೀರು ತರಿಸೋಣವೆಂದು ನಾನು ಪೆನ್ನು ಬಗ್ಗಿಸಿದೆ.

"ನಾನು ಅಳ್ಲಿಲ್ಲ ಸಾರ್," ಅಂದಳು ಗಂಗಲಕ್ಷ್ಮಿ.

(ಹೌದು, ನನ್ನ ಜೊತೆ. ಈ ಹುಡುಗಿಗೆ ಕಥೆಗಾರ ಅಂದರೆ ಎಳ್ಳಷ್ಟೂ ಹೆದರಿಕೆಯಿಲ್ಲ.)

"ಸ್ವಲ್ಪವಾದರೂ?"

"ನಂಗೆ ಹಸಿವಾಗಿತ್ತು. ಅಪ್ಪ ಎದ್ದೋದ ಮೇಲೂ ಕೂತು ಉಂಡೆ. ಅದನ್ನೇ ಬರೀರಿ."

ಬರೆದಿದ್ದೇನೆ.

3

ಹಾಗಾದರೆ ಲಾ ಯಾಕೆ? ನೀವು ಕೇಳುತ್ತೀರಿ, ಅಪ್ಪ ಕೇಳಿದ, ಮುಂದೆ ಲಾ ಕಾಲೇಜಿನ ಪ್ರಿನ್ಸಿಪಾಲರೂ ಕೇಳಲಿದ್ದಾರೆ. ಕಥೆ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ನಾನೊಂದು ಒಳ್ಳೆಯ ಕಾರಣ ಹೊಂದಿಸಿದ್ದೆ. ಚಳ್ಳಕೆರೆಯ ಕೋರ್ಟಿನ ಮುಂದೆ ಅವಳು ಹಾದುಹೋಗುವಾಗ ಒಬ್ಬ ಲೇಡಿ ಲಾಯರ್ ಸ್ಕೂಟರಿನಿಂದ ಇಳಿಯುತ್ತಾರೆ, ಗಾಳಿಗೆ ಗೌನು ಹಾರುತ್ತದೆ...

"ಗೌನು ಹಾರೋದು ನೋಡಿ ಯಾರಾದ್ರೂ ಮೂರು ವರ್ಷ ಓದ್ತಾರಾ ಸಾರ್? ನಮ್ಮಕ್ಕನ ವಿಷಯ ಬಿಟ್ಟು ಬೇರೆಲ್ಲಾ ಬರೀತೀರಲ್ಲ."

ಸರಿ. ಮೂರನ್ನು ಹರಿದು ಹಾಕಿದ್ದೇನೆ.

3, ಇನ್ನೊಂದು ಸಲ

ಆ ಹಟ್ಟಿಯಲ್ಲಿ ಒಂದು ಕಟ್ಟೆಯಿದೆ. ಜಗಳ, ಪಾಲು, ಮದುವೆ, ಬಿಡುಗಡೆ, ಎಲ್ಲ ಅಲ್ಲೇ ತೀರ್ಮಾನ. ಕಟ್ಟೆಯ ಮುಂದೆ ಯಾರೂ ಒಬ್ಬರೇ ಹೋಗುವುದಿಲ್ಲ. ತಮ್ಮ ಕಡೆಯವರನ್ನು ಕರೆದುಕೊಂಡು ಹೋಗಿ, ವೀಳ್ಯ ಇಟ್ಟು, ಆಮೇಲೆ ಬಾಯಿ ತೆರೆಯಬೇಕು. ಒಂಟಿಯಾಗಿ ಬಂದವನ ಮಾತಿಗೆ ಅಲ್ಲಿ ತೂಕವಿಲ್ಲ. ಹೆಣ್ಣುಮಕ್ಕಳ ಮಾತನ್ನಂತೂ ಅಪ್ಪನೋ ಅಣ್ಣನೋ ಆಡುತ್ತಾನೆ. ಅವರು ಸೆರಗು ಹೊದ್ದು ಹಿಂದೆ ನಿಂತಿರುತ್ತಾರೆ.

ಗಂಗಲಕ್ಷ್ಮಿಯ ಅಕ್ಕ ನಿಂಗಕ್ಕ ಹಾಗೇ ನಿಂತಿದ್ದಳು. ಅವಳ ಗಂಡನ ಮನೆಯವರು ಈ ಸಂಬಂಧ ಸಾಕು ಅಂದಿದ್ದರು. ಹಿರಿಯರು ಕೇಳಿದರು: "ಹುಡುಗಿ ಏನಂತಾಳೆ?" ಕಾಮಣ್ಣ ಎದ್ದು ಹೇಳಿದ: "ನನ್ ಮಗಳಿಗೂ ಒಪ್ಪಿಗೆ ಐತೆ."

ಮಗಳನ್ನು ಅವನು ಕೇಳಿರಲಿಲ್ಲ. ಕೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಸೊರಗಿ ಕಡ್ಡಿಯಾಗಿದ್ದ ಮಗಳನ್ನು ಒಮ್ಮೆ ಮನೆಗೆ ಕರೆದುಕೊಂಡು ಹೋದರೆ ಸಾಕು, ಹೊಟ್ಟೆ ತುಂಬ ಹಾಕುತ್ತೇನೆ ಅನ್ನುವುದೊಂದೇ ಅವನ ತಲೆಯಲ್ಲಿತ್ತು. ನಿಂಗಕ್ಕನಿಗೆ ಗಂಡನ ಹತ್ತಿರ ಒಂದು ಮಾತು ಆಡಬೇಕಾಗಿತ್ತು, ಬಾಳುತ್ತೇನೆ ಅಂತ ಹೇಳಬೇಕಾಗಿತ್ತು. ಆಗ ಪಿಯುಸಿ ಓದುತ್ತಿದ್ದ ಗಂಗಲಕ್ಷ್ಮಿ ಪಕ್ಕದಲ್ಲೇ ಇದ್ದಳು. ಸೆರಗಿನೊಳಗಿಂದ ಬಂದ ಅಕ್ಕನ ಮಾತು ಅವಳೊಬ್ಬಳಿಗೇ ಕೇಳಿಸಿತು: "ನನ್ನ ಕೇಳ್ಲೇ ಇಲ್ವಲ್ಲೇ."

ಅದಾದ ಮೇಲೆ ನಿಂಗಕ್ಕ ಮನೆಯಲ್ಲೇ ಇದ್ದಾಳೆ, ಕಂಬಳಿಗೆ ಉಣ್ಣೆ ನೂಲುತ್ತಾಳೆ. ಕಾಮಣ್ಣ ಚಳ್ಳಕೆರೆ ಸಂತೆಗೆ ಹೋದಾಗಲೆಲ್ಲ ಅವಳಿಗೆಂದೇ ಏನಾದರೂ ತರುತ್ತಾನೆ. ಅವಳು ತೆಗೆದುಕೊಳ್ಳುತ್ತಾಳೆ. ಅಪ್ಪ ಮಗಳ ನಡುವೆ ಆ ವಿಷಯ ಇವತ್ತಿಗೂ ಬಂದಿಲ್ಲ.

(ಓದುಗರೇ, ಕಾಮಣ್ಣನನ್ನು ಖಳನಾಯಕ ಮಾಡಲು ನಾನು ಎರಡು ದಿನ ಒದ್ದಾಡಿದೆ. ಆಗಲಿಲ್ಲ. ಹೇಗೆ ಕೂರಿಸಿದರೂ ಒಳ್ಳೆಯವನಾಗಿಬಿಡುತ್ತಾನೆ.)

4

ಅವ್ವ ಪಾತಮ್ಮ ಅನ್ನ ಬಡಿಸುತ್ತ ಬಡಿಸುತ್ತ ಗಂಡನನ್ನು ಒಪ್ಪಿಸಿದಳು. ಹೇಗೆ ಎಂದು ಕೇಳಬೇಡಿ, ಸಂಸಾರದ ಒಳಗುಟ್ಟು. ಅರ್ಜಿ ಹೋಯಿತು. ದುರ್ಗದ ಲಾ ಕಾಲೇಜಿನಿಂದ ಕರೆ ಬಂತು. ಸೀಟು ಕೊಡುವ ಮುಂಚೆ ಪ್ರಿನ್ಸಿಪಾಲರು ಮಾತಾಡಿಸುತ್ತಾರೆ.

"ಏನ್ ಕೇಳ್ತಾರಂತೆ?" ಅಂದ ಕಾಮಣ್ಣ.

"ಸೈನ್ಸ್ ಬಿಟ್ಟು ಲಾಗೆ ಯಾಕ್ ಬರ್ತೀಯ ಅಂತ ಕೇಳ್ತಾರೆ. ನಾನು ಹೇಳ್ಬೇಕು. ಆಮೇಲೆ ಅವ್ರು ತೀರ್ಮಾನ ಮಾಡ್ತಾರೆ."

ಕಾಮಣ್ಣ ಬೆಚ್ಚಿಬಿದ್ದ. "ದೊಡ್ಡೋರು ಕೂತ್ಕೊಂಡು ಕೇಳೋದು, ತೀರ್ಮಾನ ಮಾಡೋದು! ಅಂಥಾ ಕಡೀಕೆ ಒಬ್ಳೇ ಹೋಗ್ತೀಯಾ? ನಿಂಗೆ ಹಿಂದು ಮುಂದು ಯಾರೂ ಇಲ್ಲೇನು? ನಾನೇನ್ ಸತ್ತೋಗಿದ್ದೀನಾ?"

ಮರುದಿನ ಬೆಳಿಗ್ಗೆ ಹಟ್ಟಿಯ ಮುಂದೆ ಬಾಡಿಗೆ ಟ್ರ್ಯಾಕ್ಸ್ ಜೀಪು ನಿಂತಿತ್ತು. ಸಿದ್ದಾಪುರದಿಂದ ಸೋದರಮಾವ ಯರ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. ಕಟ್ಟೆಯ ಹಿರಿಯರು ಗಾಡಿಯೊಳಗೆ ಒಬ್ಬರ ತೊಡೆಯ ಮೇಲೊಬ್ಬರು ಅನ್ನುವಂತೆ ಕೂತಿದ್ದರು. ಕಾಮಣ್ಣನ ಕೈಯಲ್ಲಿ ವೀಳ್ಯದೆಲೆಯ ಕಟ್ಟು.

"ಅಪ್ಪಾ, ಅದು ಕಾಲೇಜು," ಅಂದಳು ಗಂಗಲಕ್ಷ್ಮಿ. ಅಳು ಬರಲಿಲ್ಲ ಎಂದು ಈ ಸಲ ಅವಳು ನನ್ನ ಹತ್ತಿರ ವಾದ ಮಾಡಲಿಲ್ಲ.

6

(ಐದನ್ನು ಯರ್ರಪ್ಪ ತೆಗೆಸಿದರು.)

ಐದರಲ್ಲಿ ನಾನು ಟ್ರ್ಯಾಕ್ಸನ್ನು ಪಂಕ್ಚರ್ ಮಾಡಿದ್ದೆ. ಗಂಗಲಕ್ಷ್ಮಿ ಒಬ್ಬಳೇ ಕೆಂಪು ಬಸ್ಸು ಹತ್ತಿ, ಒಬ್ಬಳೇ ಇಂಟರ್ವ್ಯೂ ಮುಗಿಸಿ, ಗೆದ್ದು ಬರಲಿ ಅಂತ. ಓದುಗರಿಗೆ ಇಂಥದ್ದು ಹಿಡಿಸುತ್ತದೆ. ಯರ್ರಪ್ಪ ಟ್ರ್ಯಾಕ್ಸಿನಿಂದ ಇಳಿದವರೇ ನೇರ ನನ್ನ ಹತ್ತಿರ ಬಂದರು.

"ಏನ್ ಸ್ವಾಮಿ, ನಡೆಯೋ ಗಾಡೀನ ಯಾಕ್ ನಿಲ್ಲಿಸ್ತೀರಿ? ಇಷ್ಟು ದೊಡ್ಡ ಕಥೆ ಹೇಳಾಕೆ ಬಂದಿದ್ದೀರಲ್ಲ, ನಿಮ್ ಕಡೆಯೋರು ಎಲ್ಲಿ?"

"ನನಗೆ ಯಾರೂ ಇಲ್ಲ, ಯಜಮಾನರೇ. ಬರೆಯುವವನು ಒಬ್ಬನೇ ಇರುತ್ತಾನೆ."

ಅವರು ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ಮರುಕವಿತ್ತು. "ಅಯ್ಯೋ ಪಾಪ. ಸರೇ, ಹಿಂದ್ಗಡೆ ಕೂತ್ಕಳಿ. ನಿಮ್ ಕಡೆಯೋನು ನಾನಾಗ್ತೀನಿ."

ಹತ್ತಿ ಕೂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷವಾಯಿತು.

7

ಕಾಲೇಜಿನ ಜವಾನ ಈ ದಂಡನ್ನೂ ವೀಳ್ಯದೆಲೆಯನ್ನೂ ನೋಡಿ ಕಣ್ಣು ಬಾಯಿ ಬಿಟ್ಟ. ಗಂಗಲಕ್ಷ್ಮಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಗಂಡು ನಮ್ಮ ಕಾಲೇಜಲ್ಲೇ ಓದ್ತಾನೇನಮ್ಮಾ?"

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಯಜಮಾನರೆಲ್ಲ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಕೈ ಮುಗಿದು, ಟೇಬಲ್ಲಿನ ಮೇಲೆ ವೀಳ್ಯ ಇಟ್ಟು, ಇದ್ದಬದ್ದ ಕುರ್ಚಿಗಳಲ್ಲಿ ಕೂತಾಗಿತ್ತು. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಎಲ್ಲರಿಗೂ ಚಹಾ ಹೇಳಿದರು.

ಗಂಗಲಕ್ಷ್ಮಿಗೆ ಕುರ್ಚಿ ಇರಲಿಲ್ಲ. ಅವಳು ಹಿಂದೆ ಗೋಡೆಗೆ ಒರಗಿ ನಿಂತಳು. ನಿಂತ ಮೇಲೆ ಅವಳಿಗೆ ಗೊತ್ತಾಯಿತು, ಕಟ್ಟೆಯಲ್ಲಿ ಅಕ್ಕ ನಿಂತದ್ದೂ ಇಂಥ ಜಾಗದಲ್ಲೇ.

ಅವಳೊಂದು ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಸೈನ್ಸ್ ಓದಿದವರಿಗೆ ಪೋಸ್ಟ್‌ಮಾರ್ಟಂ ವರದಿ, ರಕ್ತದ ಪರೀಕ್ಷೆ ಎಲ್ಲ ಅರ್ಥವಾಗುತ್ತದೆ, ಕೋರ್ಟಿಗೆ ಅಂಥ ವಕೀಲರು ಬೇಕು ಅಂತ. ಸುಳ್ಳೇನಲ್ಲ. ಆದರೆ ನಿಜವಾದ ಉತ್ತರ ಬೇರೆ. ಅದನ್ನು ಹೇಳಿದರೆ ಅವತ್ತು ಕಟ್ಟೆಯ ಮೇಲೆ ಕೂತಿದ್ದ ಇದೇ ಹಿರಿಯರ ಮುಂದೆ ಅಪ್ಪನನ್ನು ಬಯಲಿಗೆ ಎಳೆದಂತಾಗುತ್ತದೆ. ಹೇಳದಿದ್ದರೆ ಅಕ್ಕನ ಮಾತನ್ನು ಇವಳೂ ನುಂಗಿದಂತೆ.

ಮುಕ್ತಾಯ ಒಂದು: ಅವಳು ಪೋಸ್ಟ್‌ಮಾರ್ಟಂ ಉತ್ತರ ಹೇಳುತ್ತಾಳೆ. ಪ್ರಿನ್ಸಿಪಾಲರು ಭೇಷ್ ಅನ್ನುತ್ತಾರೆ. ಟ್ರ್ಯಾಕ್ಸಿನಲ್ಲಿ ಎಲ್ಲರೂ ನಗುತ್ತ ಊರಿಗೆ ಬರುತ್ತಾರೆ.

"ಮನೇಗೋಗಿ ಅಕ್ಕನ ಮುಖ ಹೆಂಗ್ ನೋಡ್ಲಿ ಸಾರ್?"

ಮುಕ್ತಾಯ ಎರಡು: ಅವಳು ಮುಂದೆ ನುಗ್ಗಿ, ಬೆರಳು ತೋರಿಸಿ, ಕಟ್ಟೆಯ ಕಥೆಯನ್ನೆಲ್ಲ ಹೇಳುತ್ತಾಳೆ. ಹಿರಿಯರು ತಲೆ ತಗ್ಗಿಸುತ್ತಾರೆ. ಕಾಮಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. (ಇದನ್ನು ಬರೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.)

"ಅಷ್ಟು ಜನರ ಮುಂದೆ ನಮ್ಮಪ್ಪನ್ನ ಹಂಗ್ ಕೂರಿಸ್ತೀರಾ? ನಂಗೋಸ್ಕರ ಟ್ರ್ಯಾಕ್ಸ್ ಮಾಡ್ಕೊಂಡ್ ಬಂದೋನ್ನ? ಹರಿದಾಕ್ರಿ ಮೊದ್ಲು."

ಹರಿದು ಹಾಕಿದೆ. ನನ್ನ ಹತ್ತಿರ ಮೂರನೆಯ ಮುಕ್ತಾಯ ಇರಲಿಲ್ಲ. ತಲೆ ಕೆರೆದುಕೊಂಡು ಕೂತೆ.

8

ಪ್ರಿನ್ಸಿಪಾಲರು ಚಹಾ ಲೋಟ ಕೆಳಗಿಟ್ಟರು. ಹಿಂದೆ ನಿಂತ ಹುಡುಗಿಯನ್ನು ಒಮ್ಮೆ ನೋಡಿದರು. ಆಮೇಲೆ, ರೂಢಿಯಂತೆ, ಮುಂದೆ ಕೂತ ಅಪ್ಪನ ಕಡೆ ತಿರುಗಿದರು.

"ಏನ್ ಯಜಮಾನ್ರೇ, ಬಿ.ಎಸ್ಸಿ. ಮಾಡಿದ ಹುಡುಗಿ ಲಾಗೆ ಯಾಕೆ ಬರ್ತಾಳೆ? ನೀವೇ ಹೇಳಿಬಿಡಿ."

"ಹೇಳೋ ಕಾಮಣ್ಣ," ಅಂತ ಯರ್ರಪ್ಪ ಮೊಣಕೈಯಲ್ಲಿ ತಿವಿದರು.

ಕಾಮಣ್ಣ ಎದ್ದ. ಹೆಗಲ ಟವೆಲು ಸರಿಮಾಡಿಕೊಂಡ. ದಾರಿಯುದ್ದಕ್ಕೂ ಅವನೂ ತುಟಿ ಅಲುಗಿಸುತ್ತ ಏನೋ ಹೊಂದಿಸಿಕೊಳ್ಳುತ್ತಿದ್ದುದನ್ನು ಹಿಂದಿನ ಸೀಟಿನಿಂದ ನಾನು ನೋಡಿದ್ದೆ. ಬಾಯಿ ತೆರೆದ. "ನನ್ ಮಗಳು..." ಅಂದ. ಅಷ್ಟಕ್ಕೇ ನಿಂತ. ತಿರುಗಿ ಗೋಡೆಯ ಹತ್ತಿರ ನಿಂತಿದ್ದ ಮಗಳನ್ನು ನೋಡಿದ. ನೋಡುತ್ತಲೇ ಇದ್ದ. ಹಿರಿಯರಲ್ಲೊಬ್ಬರು ಕೆಮ್ಮಿದರು.

"ಒಂದ್ಸಲ ಹಿಂಗೇ ಎದ್ದು ನಿಂತು ನಾನೇ ಹೇಳ್ದೆ ಸ್ವಾಮಿ," ಅಂದ ಕಾಮಣ್ಣ. "ದೊಡ್ಡ ಮಗಳು ಇವತ್ತಿಗೂ ನನ್ನ ಸರಿಯಾಗಿ ಮಾತಾಡ್ಸಲ್ಲ. ಇವಳ್ದು ಇವಳ್ನೇ ಕೇಳ್ರಿ."

ಹಾಗಂದು ತಾನು ಕೂತಿದ್ದ ಕುರ್ಚಿಯನ್ನು ಮಗಳ ಕಡೆ ಎಳೆದಿಟ್ಟು, ಹೋಗಿ ಗೋಡೆಯ ಹತ್ತಿರ ನಿಂತ.

ದೇವರಾಣೆಗೂ ಈ ಮಾತು ನಾನು ಬರೆದು ಕೊಟ್ಟದ್ದಲ್ಲ. ಕಾಮಣ್ಣನ ಬಾಯಿಂದ ಇಂಥದ್ದೊಂದು ಬರುತ್ತದೆಂದು ಗೊತ್ತಿದ್ದರೆ ಎರಡೆರಡು ಮುಕ್ತಾಯ ಬರೆದು ಕಾಗದ ಹಾಳು ಮಾಡುತ್ತಿರಲಿಲ್ಲ. ಯರ್ರಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಯಾರೂ ಕಾಮಣ್ಣನನ್ನು ತಡೆಯಲಿಲ್ಲ.

ಗಂಗಲಕ್ಷ್ಮಿ ಮುಂದೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತಳು. ಪ್ರಿನ್ಸಿಪಾಲರು ಇನ್ನೊಮ್ಮೆ, ಈ ಸಲ ಅವಳನ್ನೇ ನೋಡಿ ಕೇಳಿದರು.

ಅವಳು ಏನಂದಳು, ಅಕ್ಕನ ಹೆಸರು ಬಂತೇ, ಅಪ್ಪ ಕೇಳಿಸಿಕೊಂಡು ಏನು ಮಾಡಿದ, ಸೀಟು ಸಿಕ್ಕಿತೇ ಇಲ್ಲವೇ, ಎಲ್ಲವನ್ನೂ ನಿಮಗೆ ಹೇಳಿಬಿಡೋಣವೆಂದು ನಾನು ಪೆನ್ನೆತ್ತಿದೆ. ಅವಳ ಮಾತಿಗೆ ಒಂದು ಒಳ್ಳೆಯ ಶುರುವನ್ನೂ ಯೋಚಿಸಿಟ್ಟಿದ್ದೆ.

"ಸಾರ್," ಅಂದಳು ಗಂಗಲಕ್ಷ್ಮಿ, ನನ್ನ ಕಡೆ ತಿರುಗದೆ. "ನೀವೂ ಸ್ವಲ್ಪ ಹಿಂದೆ ಹೋಗಿ ನಿಂತ್ಕಳ್ರಿ."

ಹೋಗಿ ಕಾಮಣ್ಣನ ಪಕ್ಕ ನಿಂತೆ. ಅವನು ಸ್ವಲ್ಪ ಸರಿದು ಜಾಗ ಕೊಟ್ಟ.