ಹಿಂದಿನಿಂದ ಬಂದ ಕರೆಂಟು

ದೆವ್ವ ರಾತ್ರಿ ಬರುತ್ತದೆ ಎಂದು ಯಾವ ಪುಣ್ಯಾತ್ಮ ಹೇಳಿದನೋ! ನನ್ನದು ಮಟಮಟ ಮಧ್ಯಾಹ್ನ ಬರುತ್ತದೆ. ಮೂವತ್ತು ವರ್ಷ ಮಸ್ಕಿ ಸುತ್ತಲಿನ ಕಂಬ ಹತ್ತಿದ ಲೈನ್‌ಮನ್ ದುರುಗಪ್ಪ ನಾನು. ಪಾಮನಕಲ್ಲೂರಿನ ಯಾವ ಕಂಬದ ಕೆಳಗೆ ನಿಂತರೂ ಮೇಲಿನಿಂದ ಗಿಡ್ಡಪ್ಪ ಕೇಳುತ್ತಾನೆ: "ಹಿಡೀಲೇನಲೇ ದುರುಗ್ಯಾ?"

ನನ್ನ ಜೋಡಿದಾರ ಗಿಡ್ಡಪ್ಪ ಸತ್ತು ಮೂರು ವರ್ಷವಾಯಿತು.

ನಮ್ಮಲ್ಲೊಂದು ರೂಢಿ. ಲೈನ್ ಬಂದ್ ಎಂದು ಸಬ್‌ಸ್ಟೇಷನ್ನಿನವರು ಫೋನಿನಲ್ಲಿ ನೂರು ಸಲ ಹೇಳಲಿ, ಕಂಬದ ಮೇಲಿನವನು ಕೆಳಗಿನ ಜೋಡಿದಾರನನ್ನು ಕೇಳಬೇಕು. ಕೆಳಗಿನವನು "ಹಿಡಿ" ಎಂದ ಮೇಲೆಯೇ ತಂತಿಗೆ ಕೈ. ಅದಕ್ಕೂ ಮುಂಚೆ ತಂತಿಗೆ ಸರಪಳಿ ಹಾಕಿ ನೆಲಕ್ಕೆ ಜೋಡಿಸಬೇಕು. ಎಲ್ಲಿಂದಾದರೂ ಕರೆಂಟು ನುಗ್ಗಿದರೆ ಮಣ್ಣಿಗೆ ಹೋಗಲಿ ಎಂದು. ಆ ಸರಪಳಿಯನ್ನು ನಾವು ಎಂದೋ ಬಿಟ್ಟಿದ್ದೆವು. ಸಬ್‌ಸ್ಟೇಷನ್ನಿನಲ್ಲಿ ಬಂದಾದರೆ ಮುಗಿಯಿತು, ಇನ್ನೆಲ್ಲಿಂದ ಬಂದೀತು ಎಂಬ ಸೊಕ್ಕು.

ಆ ದಿನ ಮಧ್ಯಾಹ್ನ ಸೋಲಾರಿನಿಂದ ಬಂತು. ಅಕ್ಕಿ ಗಿರಣಿಯೊಂದರ ಮಾಳಿಗೆಯ ಮೇಲೆ ಹಲಗೆ ಹಾಕಿ, ಯಾವನೋ ಅಗ್ಗದ ಯಂತ್ರ ಕೂಡಿಸಿದ್ದ. ಲೈನ್ ಬಂದಾದ ಕೂಡಲೇ ತಾನೂ ನಿಲ್ಲಬೇಕಾದ ಯಂತ್ರ ನಿಲ್ಲಲಿಲ್ಲ. ಬಿಸಿಲಿನ ಕರೆಂಟು ಹಿಂದಿನಿಂದ ತಂತಿಗೆ ಹರಿಯಿತು. ಗಿಡ್ಡಪ್ಪ ಮೇಲಿನಿಂದ ಕೇಳಿದ. ನಾನು ಬೀಡಿ ಹಚ್ಚುತ್ತಾ "ಹಿಡಿ" ಎಂದೆ.

ಸರಪಳಿ ನನ್ನ ಬೈಕಿನಲ್ಲೇ ಬಿದ್ದಿತ್ತು. ವಿಚಾರಣೆಗೆ ಬಂದ ಸಾಹೇಬರಿಗೆ ನಾನು ಹೇಳಿದ್ದು: "ಹಾಕು ಅಂತ ಕೊಟ್ಟಿದ್ದೆರೀ, ಅಂವ ಕೇಳ್ಲಿಲ್ಲ." ಥೂ ನನ್ನ ಜನ್ಮಕ್ಕೆ! ಗಿಡ್ಡಪ್ಪ ತನ್ನ ಹಟದಿಂದಲೇ ಸತ್ತ ಎಂದು ಊರೆಲ್ಲ ಆಡಿತು. ಅವನ ಹೆಂಡತಿ ಅಮರಮ್ಮನೂ ನಂಬಿದಳು.

ಈಗ ಅಪ್ಪನ ನೌಕರಿಗೆ ಮಗಳು ದೀಪಿಕಾ ಬಂದಿದ್ದಾಳೆ, ನನ್ನ ಜೋಡಿಗೇ. ಮೊನ್ನೆ ಕಂಬಕ್ಕೆ ಹೊಸ ಸ್ವಿಚ್ ಕೂಡಿಸುವ ಕೆಲಸವಿತ್ತು. ಇನ್ನು ಸಿಂಧನೂರಿನಲ್ಲಿ ಕುಳಿತೇ ಲೈನ್ ಬಂದ್ ಮಾಡುತ್ತಾರಂತೆ. ಸರಪಳಿಯನ್ನು ನಾನೇ ಅವಳ ಕೈಗಿಟ್ಟೆ. ಹುಡುಗಿ ನಕ್ಕಳು.

"ಹಾಕ್ತೀನಿ ಬಿಡು ಕಾಕಾ. ನಮ್ಮಪ್ಪನಂಗ ನಾ ಹಟಮಾರಿ ಅಲ್ಲ."

ಅವಳು ಹತ್ತಿದಳು, ಸರಪಳಿ ಹಾಕಿದಳು, ಮೇಲಿನಿಂದ ಕೇಳಿದಳು: "ಹಿಡೀಲೇನು ಕಾಕಾ?" ಅದರ ಬೆನ್ನಿಗೇ ಅಪ್ಪನ ದನಿಯೂ ಬಂತು. ಎಲ್ಲ ಸರಿಯಿತ್ತು, ನೋಡಿದ್ದೆ. ಆದರೂ "ಹಿಡಿ" ಎನ್ನುವ ಬದಲು ಸರಪಳಿಯನ್ನೇ ಮತ್ತೆ ನೋಡಿದೆ. ಅವಳು ಮತ್ತೆ ಕೇಳಿದಳು, ಅವನೂ ಕೇಳಿದ.

"ಇಳಿಬೇ! ಮೊದ್ಲ ಕೆಳಗ ಇಳಿ!" ಎಂದು ಕೂಗಿದೆ.

ಇಳಿದವಳಿಗೆ ಬೀಡಿ, ಬೈಕು, ಸಾಹೇಬರ ಮುಂದಿನ ಸುಳ್ಳು, ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಕೈಗವಸು ಕಳಚಿ ಸೊಂಟಕ್ಕೆ ಸಿಗಿಸಿದಳು.

"ಮೂರು ವರ್ಷ ಆತು, ನಮ್ಮವ್ವ ನಮ್ಮಪ್ಪಗ ಬೈಕೋಂತನs ಅಳಾಕತ್ತಾಳ," ಎಂದಳು. "ಅಕಿಗೆ ನೀನs ಹೇಳು."

ತನ್ನ ಫೋನಿನಿಂದ ಅವ್ವನಿಗೆ ಹಚ್ಚಿ ನನ್ನ ಕೈಗೆ ಕೊಟ್ಟಳು. ಅಮರಮ್ಮ ಎತ್ತಿದಳು.

"ಅಮರಮ್ಮಾ, ನಾನು. ದುರುಗಪ್ಪ."

ಆ ಕಡೆ ಪಾತ್ರೆ ಬಿದ್ದ ಸದ್ದು. ಆಮೇಲೆ ಅವಳು ಚೀರಿದ್ದು ದೀಪಿಕಾಳಿಗೂ ಕೇಳಿಸಿತು: "ನನ್ನ ಮಗಳಿಗೇನಾತೋ ಯಪ್ಪಾ!"

"ಮಗಳು ಅರಾಮ ಅದಾಳವಾ, ನನ್ನ ಬಾಜೂಕs ನಿಂತಾಳ," ಎಂದೆ. "ನಾ ಗಿಡ್ಡಪ್ಪನ ಖರೇ ಸುದ್ದಿ ಹೇಳಾಕ ಫೋನ್ ಹಚ್ಚೀನಿ."