ಗ್ರೋತ್ ಚೇಂಬರಿನ ಬಾಳೆಗೊನೆ

ಮಣಿಪಾಲದ ಆ ಪ್ರಯೋಗಾಲಯದಲ್ಲಿ ಟೊಮೆಟೊ ಗಿಡಗಳಿಗಿಂತ ಹೆಚ್ಚು ಮುತುವರ್ಜಿಯಿಂದ ಬೆಳೆಸಿದ್ದು ಡಾ. ಧನರಾಜ್ ಅವರ ಹೆಸರನ್ನು. ಅದಕ್ಕೆ ನೀರೆರೆಯಲು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವಳು ಹರ್ಷಿಣಿ. ಅವರ ಕೈಕೆಳಗೆ ಅವಳ ಪಿಎಚ್.ಡಿ.ಗೆ ಇದು ಐದನೆಯ ವರ್ಷ.

ಅವಳು ಕೆಲಸ ಮಾಡುತ್ತಿದ್ದುದು ಒಂದು ಪ್ರೊಮೋಟರ್ ಮೇಲೆ. ಜೀನ್‌ನ ಮುಂದೆ ಕುಳಿತು ಅದನ್ನು ಯಾವಾಗ ಎಬ್ಬಿಸಬೇಕೆಂದು ತೀರ್ಮಾನಿಸುವ ಡಿಎನ್‌ಎ ತುಂಡು ಅದು. ಈ ಪ್ರೊಮೋಟರ್ ಕಾಯಿ ಹಣ್ಣಾಗುವಾಗ ಮಾತ್ರ ಎಬ್ಬಿಸುವಂಥದ್ದು. ಅದರ ಹಿಂದೆ ಅವಳು ನೀಲಿ ಬಣ್ಣ ಕೊಡುವ ಜೀನ್ ಜೋಡಿಸಿದ್ದಳು. ಆ ಗಿಡದ ಟೊಮೆಟೊ ಕೊಯ್ದ ಹೋಳು ದ್ರಾವಣದಲ್ಲಿ ನೀಲಿಯಾದರೆ ಪ್ರೊಮೋಟರ್ ಕೆಲಸ ಶುರು ಮಾಡಿದೆ ಎಂದರ್ಥ. ಅಕ್ಟೋಬರಿನಲ್ಲಿ ಹಸಿರು ಕಾಯಿಗಳೇ ನೀಲಿಯಾದವು. ಧನರಾಜ್ ಅವರನ್ನು ಹಿಡಿಯುವವರೇ ಇರಲಿಲ್ಲ. ತಮ್ಮ ಪ್ರೊಮೋಟರ್ ಹಣ್ಣಾಗು ಎನ್ನುವ ಯಾರ ಅಪ್ಪಣೆಗೂ ಕಾಯುವುದಿಲ್ಲವೆಂದು ಪತ್ರಿಕೆಗೆ ಹೇಳಿಕೆ ಕೊಟ್ಟರು, ಕೈಕಟ್ಟಿ ನಿಂತ ಫೋಟೊವನ್ನೂ ಕೊಟ್ಟರು.

ಮುಂದಿನ ತಿಂಗಳು ಅದೇ ಗಿಡಗಳ ಹಸಿರು ಕಾಯಿ ನೀಲಿಯಾಗಲಿಲ್ಲ. ಹರ್ಷಿಣಿಯ ನಿದ್ದೆ ಹಾರಿಹೋಯಿತು. ಗಿಡಗಳನ್ನು ಬೆಳೆಸುವ ಮುಚ್ಚಿದ ಕೋಣೆಯಾದ ಗ್ರೋತ್ ಚೇಂಬರ್ ಒರೆಸಲು ಬರುವ ಕಾಪುವಿನ ವಾರಿಜಾಳ ಬಳಿ ಗೋಳು ಹೇಳಿಕೊಂಡಳು.

“ಆಗ ಒಳಗೆ ಬಾಳೆಗೊನೆ ಇತ್ತು, ಈಗ ಇಲ್ಲ. ಅದರಿಂದ ಎಂತ ಆದರೂ ಉಂಟಾ?” ಎಂದಳು ವಾರಿಜಾ.

ಉಂಟು. ಆಯುಧ ಪೂಜೆಗೆ ಧನರಾಜ್ ಆದಿ ಉಡುಪಿಯಿಂದ ಹಣ್ಣಾದ ಗೊನೆ ತರಿಸಿ, ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ, ಗೊನೆಯನ್ನು ಚೇಂಬರಿನ ಒಳಗೇ ಇಟ್ಟಿದ್ದರು. ನಾಲ್ಕು ದಿನ ಅದನ್ನು ಯಾರೂ ತೆಗೆಯಲಿಲ್ಲ. ಮಾಗಿದ ಬಾಳೆ ಎಥಿಲಿನ್ ಅನಿಲ ಬಿಡುತ್ತದೆ. ಕಾಯಿಗೆ ಹಣ್ಣಾಗು ಎಂದು ಹೇಳುವುದೇ ಆ ಅನಿಲ. ಹಣ್ಣಿನ ಜತೆ ಕಾಯಿ ಇಟ್ಟರೆ ಏನಾಗುತ್ತದೆಂದು ಮಂಡಿಯಲ್ಲಿ ಮೂಟೆ ಹೊರುವವರಿಗೂ ಗೊತ್ತು. ಮೂವತ್ತು ಪ್ರಬಂಧ ಬರೆದ ತಲೆಗೆ ಹೊಳೆದಿರಲಿಲ್ಲ.

ಹರ್ಷಿಣಿ ಬಾಳೆ ಇಟ್ಟು ನೋಡಿದಳು, ನೀಲಿ. ಇಡದೆ ನೋಡಿದಳು, ಇಲ್ಲ. ಎರಡರ ಚಿತ್ರವನ್ನೂ ತೆಗೆದು ಧನರಾಜ್ ಅವರ ಮುಂದಿಟ್ಟಳು.

“ಆ ವಿಷಯ ಬೇಡ ಮಾರಾಯ್ತಿ. ಥೀಸಿಸ್ ಸಲ್ಲಿಸಲು ನನ್ನ ಸಹಿ ಬೇಕು ಅಲ್ವಾ?” ಎಂದರು ಧನರಾಜ್, ಮೆತ್ತಗೆ.

ಆದರೂ ಪರಿಶೀಲನಾ ಸಮಿತಿಯ ಎದುರು ಅವಳು ಎರಡೂ ಚಿತ್ರ ತೋರಿಸಿದಳು. ಐದು ವರ್ಷ ಹೋದರೆ ಹೋಗಲಿ, ಸುಳ್ಳಿಗೆ ತನ್ನ ಹೆಸರು ಬೇಡ ಎಂದು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಹೊರಗಿನಿಂದ ಬಂದಿದ್ದ ಪರೀಕ್ಷಕಿ ಗ್ಲ್ಯಾಡಿಸ್ ಕನ್ನಡಕ ಸರಿಮಾಡಿಕೊಂಡರು.

“ಎಥಿಲಿನ್‌ಗೆ ಎಷ್ಟು ಸ್ಪಷ್ಟವಾಗಿ ಸ್ಪಂದಿಸುತ್ತದೆ. ಬಾಳೆ ಇಡುವ ಯೋಚನೆ ಯಾರದ್ದು?”

ಧನರಾಜ್ ಎದ್ದೇ ನಿಂತರು. “ನನ್ನದೇ.”

ಹರ್ಷಿಣಿಗೆ ಮೈಯೆಲ್ಲ ಉರಿಯಿತು. ಸುಳ್ಳಾಗಿದ್ದರೆ ಅಲ್ಲಗಳೆಯಬಹುದಿತ್ತು, ದುರದೃಷ್ಟಕ್ಕೆ ಅದು ನಿಜ.

“ಯಾವ ದಿನ ಇಟ್ಟದ್ದು ಅಂತಲೂ ಹೇಳಿ ಸರ್,” ಎಂದಳು.

ಧನರಾಜ್ ಕುಳಿತರು. ಮೇಜಿನ ಮೇಲಿದ್ದ ಅವಳ ಥೀಸಿಸ್ ಸಲ್ಲಿಕೆಯ ಅನುಮತಿ ಪತ್ರವನ್ನು ಎಳೆದುಕೊಂಡು, ಸಹಿ ಗೀಚಿ, ನಗುಮುಖದಿಂದ ಅವಳತ್ತ ಚಾಚಿದರು. “ಅದೆಲ್ಲ ಈಗ ಯಾಕೆ?”

ಹರ್ಷಿಣಿ ಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಆಮೇಲೆ ಗ್ಲ್ಯಾಡಿಸ್ ಕಡೆ ತಿರುಗಿದಳು.

“ಆಯುಧ ಪೂಜೆಯ ದಿನ, ಮೇಡಂ. ಪ್ರಯೋಗಕ್ಕಲ್ಲ, ಚೇಂಬರಿಗೆ ನೈವೇದ್ಯ.”