ಡಾಕ್ಟರರ ಗಾದಿ

ನಮ್ಮ ಮನೆಯ ಮುಂಭಾಗ ಗಾದಿ ಅಂಗಡಿ, ಹಿಂಭಾಗ ಮನೆ. ನಡುವೆ ಒಂದು ಪರದೆ. ಅಪ್ಪ ಅರಳೆ ಹಿಂಜುವ ಯಂತ್ರ ಚಾಲೂ ಮಾಡಿದರೆ ಪರದೆಯ ಕೆಳಗಿನಿಂದ ಹತ್ತಿಯ ಎಳೆಗಳು ಒಂದೊಂದಾಗಿ ಒಳಗೆ ತೇಲಿ ಬರುತ್ತವೆ. ಬೆಳಕಿಂಡಿಯ ಬಿಸಿಲು ಬೀಳುವ ಜಾಗಕ್ಕೆ ಬಂದು ಅಲ್ಲೇ ನಿಂತುಬಿಡುತ್ತವೆ, ಕೆಳಗೂ ಇಳಿಯದೆ, ಮೇಲಕ್ಕೂ ಏರದೆ. ಬಿ.ಎ. ಮುಗಿದ ಮೇಲೆ ಎರಡು ವರ್ಷ ನಾನೂ ಹಾಗೇ ಇದ್ದೆ.

ಯಾರಾದರೂ ಬಾಗಿಲು ಬಡಿದರೆ ನಾನು ತೆಗೆಯುತ್ತಿರಲಿಲ್ಲ. ಸದ್ದು ಕೇಳಿದ ಕೂಡಲೇ ಅಡುಗೆಮನೆಗೆ ಹೋಗಿ ನಿಲ್ಲುವುದು ಚಿಕ್ಕಂದಿನಿಂದ ಬಂದ ರೂಢಿ. ಅವ್ವ ಹೋಗಿ ತೆಗೆದು, ಬಂದವರೊಡನೆ ಮಾತಾಡಿ, ಅವರು ಹೋದ ಮೇಲೆ ಕರೆಯುತ್ತಿದ್ದಳು.

"ಹೊರಗ ಬಾರವಾ ಮುಬೀನಾ. ಹುಲಿ ಹೋತು."

ಈ ಸಲ ಬಂದದ್ದು ಸಂಬಂಧ. ನರಗುಂದದ ಚಮನಬಿ ಎಂಬವರ ಮಗ ತನ್ವೀರ, ಡಾಕ್ಟರು. ಮೆಣಸಗಿಯ ಆಚೆ ಹೊಳೆದಂಡೆಯ ಒಂದು ಊರಿನಲ್ಲಿ ಸರಕಾರಿ ದವಾಖಾನೆ ನೋಡಿಕೊಳ್ಳುತ್ತಾರೆ. ಯಾವುದೋ ಮದುವೆಯಲ್ಲಿ ಚಮನಬಿ ನನ್ನನ್ನು ನೋಡಿದ್ದರಂತೆ. ಆ ಮದುವೆಯಲ್ಲಿ ನಾನು ಅಡುಗೆಯ ಹಂಡೆಗಳ ಹಿಂದೆ ಕೂತಿದ್ದೆ; ಹೇಗೆ ಕಂಡೆನೋ. ಶುಕ್ರವಾರ ಅವರಿಗೆ ಹೂಂ ಅಥವಾ ಬೇಡ ಅನ್ನಬೇಕಿತ್ತು. ಅಪ್ಪ ಅದನ್ನು ನನಗೇ ಬಿಟ್ಟಿದ್ದ.

ಅವ್ವನಿಗೆ ಮಾತ್ರ ಹೂಂ ಒಂದೇ ಉತ್ತರ.

"ಡಾಕ್ಟರ ಮನಿ ಅಂದ್ರ ಏನ ತಿಳದೀ? ಮಾರಿ ಕಾಣೂವಂಥಾ ಫರಸಿ. ಖೋಲಿಗೊಂದ ಎಸಿ. ಅಡಗಿಗೊಬ್ಬಾಕಿ, ಭಾಂಡೆ ತಿಕ್ಕಾಕೊಬ್ಬಾಕಿ. ಕಾರಂತೂ ಬಿಳೇದು. ಡಾಕ್ಟರದು ಯಾವಾಗ್ಲೂ ಬಿಳೇದ ಇರತೈತಿ."

"ನೀ ನೋಡೀಯೇನು?" ಎಂದು ಅಪ್ಪ ಕೇಳಿದ.

"ಗದಗಿಗೆ ಕಣ್ಣ ತೋರಸಾಕ ಹೋದಾಗ ಡಾಕ್ಟರ ಹೆಂಡ್ತಿ ಕಾರಿಂದ ಇಳದದ್ದ ನೋಡಿಲ್ಲೇನ? ಕಾಲಾಗಿನ ಚಪ್ಲಿ ಸಪ್ಪಳಾ ಸುದ್ದಾ ಆಗಲಿಲ್ಲ, ಹಂಗ ನಡದ್ಲು."

"ಅವತ್ತ ನಿನ್ನ ಕಣ್ಣಿಗೆ ಪಟ್ಟಿ ಕಟ್ಟಿತ್ತಲ್ಲ."

"ಒಂದ ಕಣ್ಣಿಗಷ್ಟ ಕಟ್ಟಿತ್ತು. ಇನ್ನೊಂದ್ರಲೆ ನೋಡೇನಿ."

ಅವ್ವ ಹೇಳಿದ ಆ ಮನೆ ನನ್ನ ಮಧ್ಯಾಹ್ನದ ನಿದ್ದೆಯೊಳಗೆ ಬಂದು ಕೂತಿತು. ಕಣ್ಣು ಮುಚ್ಚಿದರೆ ಸಾಕು, ಉದ್ದದ ಬಿಳಿ ನೆಲ. ನಡೆದಂತೆಲ್ಲ ನನ್ನದೇ ಮುಖ ಕಾಲ ಕೆಳಗೆ ತೇಲಿಕೊಂಡು ಬರುತ್ತದೆ. ಒಂದು ಖೋಲಿ ತೆರೆದರೆ ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಪ್ರತಿಯೊಂದರಲ್ಲೂ ಸೋಫಾದ ಮೇಲೆ ಕೂತ ಹೆಂಗಸರು ಒಟ್ಟಿಗೆ ನನ್ನ ಕಡೆ ತಿರುಗಿ ಏನೋ ಕೇಳುತ್ತಾರೆ. ಉತ್ತರ ಕೊಡಲು ಬಾಯಿ ತೆರೆದರೆ ಬಾಯಿತುಂಬ ಅರಳೆ. ಅಡುಗೆಮನೆಗೆ ಓಡಬೇಕು, ಅಷ್ಟು ದೊಡ್ಡ ಮನೆಯಲ್ಲಿ ಅಡುಗೆಮನೆ ಸಿಗುವುದಿಲ್ಲ.

ಅಂಥ ಮನೆಯಲ್ಲಿ ನಾನು ಒಂದು ದಿನವೂ ಬಾಳಲಾರೆ. ಸೋಮವಾರ ದಿನಚರಿಯಲ್ಲಿ "ಬೇಡ" ಎಂದು ಬರೆದು ಪುಸ್ತಕ ಮುಚ್ಚಿಟ್ಟೆ. ಬಾಯಿಬಿಟ್ಟು ಹೇಳುವ ಧೈರ್ಯಕ್ಕೆ ಇನ್ನೂ ನಾಲ್ಕು ದಿನಗಳಿದ್ದವು.

ಮಂಗಳವಾರ ರೋಣದ ಬಸ್ಸಿನ ಮೇಲಿಂದ ಸುತ್ತಿ ಕಟ್ಟಿದ ಗಾದಿಯೊಂದು ಇಳಿಯಿತು. ಹಿಂದೆಯೇ ಚಮನಬಿಯವರ ಫೋನು. ಅಪ್ಪ ಸ್ಪೀಕರ್ ಹಾಕಿದ.

"ಮೋದಿನಸಾಬಣ್ಣಾರ, ತನ್ವೀರನ ಗಾದಿ ಕಳಸೇನ್ರಿ. ಹಿಂಜಿ ಹೊಲದಿಡ್ರಿ. ಶುಕ್ರಾರ ನಾವ ಬಂದ ಒಯ್ತೀವಿ. ಮತ್ತ, ಅದನ್ನ ಮುಬೀನಾ ಬಿಚ್ಚಲಿ."

ಅಪ್ಪ ಗಾದಿಯನ್ನು ಹಲಗೆಯ ಮೇಲೆ ಹಾಸಿದ. ಪಟ್ಟಾಪಟ್ಟಿ ಬಟ್ಟೆ, ಒಂದು ಮಗ್ಗುಲಲ್ಲಿ ಬಣ್ಣವೇ ಹೋಗಿತ್ತು. ಅವ್ವನ ಮುಖ ಕೆಂಪಾಯಿತು.

"ಇದು ಡಾಕ್ಟರನ ಗಾದೀನ? ಆಳಿಂದ ಇರಬೇಕು. ಇನ್ನೂ ಸಂಬಂಧ ಆಗಿಲ್ಲ, ಅಷ್ಟ್ರಾಗ ಆಳಿನ ಗಾದಿ ಹಿಂಜಾಕ ಹಚ್ಯಾರ ನೋಡ್ರಿ ನಮ್ಮನ್ನ."

ಅಪ್ಪ ಅಂಚಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಬಿಲ್ಲಿಲೆ ಹಿಂಜಿದ್ದು, ಬಿಸ್ಮಿಲ್ಲಾ. ಇದು ಡಾಕ್ಟರನ ಅಪ್ಪನ ಕೈ."

ಚಮನಬಿಯವರ ಗಂಡನೂ ಪಿಂಜಾರರೇ. ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ನರಗುಂದದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗುತ್ತಿದ್ದವರು. ಮಗ ಡಾಕ್ಟರಾಗುವ ಮೊದಲೇ ತೀರಿಹೋಗಿದ್ದರು. ಅವರು ಹೊಲಿದ ಗಾದಿ ಇನ್ನೂ ಉಳಿದಿತ್ತು.

ಗಾದಿ ಬಿಚ್ಚುವ ಮೊದಲು ಅದರ ಮೇಲೆಲ್ಲ ಅಂಗೈ ಆಡಿಸಿ ನೋಡಬೇಕು. ಅರಳೆ ಎಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ಹೆಚ್ಚು ಹಿಂಜಬೇಕಾಗುತ್ತದೆ. ಹಾಗೆ ನೋಡುವಾಗ ಅದರ ಮೇಲೆ ಮಲಗಿದವರು ತಾವಾಗಿಯೇ ಗೊತ್ತಾಗುತ್ತಾರೆ. ಗೋಡೆಗೆ ಮುಖ ಮಾಡಿ ಮಲಗುವವರು, ಮುದುಡಿಕೊಳ್ಳುವವರು, ಇಬ್ಬರು ಮಲಗುವ ಗಾದಿಯಲ್ಲಿ ಎರಡು ಅಂಚಿಗೆ ಸರಿದವರು. ಅಪ್ಪ ಯಾರದನ್ನೂ ಹೊರಗೆ ಆಡುವುದಿಲ್ಲ. ನಾನೂ ಅವನಿಂದಲೇ ಕಲಿತಿದ್ದೆ.

ಕಣ್ಣು ಮುಚ್ಚಿ ಕೈ ಇಟ್ಟೆ. ನಡುವೆಲ್ಲ ಮೆತ್ತಗೆ; ಬಣ್ಣ ಉಳಿದ ಮಗ್ಗುಲು, ಗೋಡೆಯ ಕಡೆಯದಿರಬೇಕು, ಇನ್ನೂ ಮೆತ್ತಗೆ. ಮಲಗಿದ ಗುರುತೇ ಇಲ್ಲ. ಇವರು ಇದರ ಮೇಲೆ ಮಲಗುವುದೇ ಇಲ್ಲ ಎಂದುಕೊಂಡೆ. ಆ ಬಿಳಿ ಮನೆಯ ಯಾವುದೋ ಖೋಲಿಯಲ್ಲಿ ಬೇರೆ ಮಂಚವಿರಬೇಕು, ಮೊಳದೆತ್ತರದ ಹಾಸಿಗೆಯಿರಬೇಕು. ಇದು ಮೂಲೆಗೆ ಬಿದ್ದದ್ದು.

ಆಮೇಲೆ ಕೈ ಬಣ್ಣ ಹೋದ ಅಂಚಿಗೆ ಬಂತು. ಅಲ್ಲೊಂದು ತಗ್ಗು. ಒಬ್ಬರು ಕೂತರೆ ಆಗುವಷ್ಟೇ. ಕೆಳಗಿನ ಅರಳೆ ಇಟ್ಟಂಗಿಯ ಹಾಗೆ ಗಟ್ಟಿ. ಅಲ್ಲಿಂದ ಕೆಳಗೆ, ಕಾಲು ಇಳಿಬಿಡುವ ಜಾಗದಲ್ಲಿ, ಎರಿ ಮಣ್ಣಿನ ಎರಡು ಕಪ್ಪು ಗುರುತುಗಳು.

"ಬಣ್ಣಾ ಹೋದ ಮಗ್ಗಲಾ ಬಾಗಲ ಕಡೆ," ಎಂದ ಅಪ್ಪ. "ಬಿಸಲ ಬಿದ್ದ ಹೋಗೇತಿ. ಇಂವ ಮಲಗಿಲ್ಲವಾ. ಕುಂತಾನ. ಕುಂತಲ್ಲೇ ಕಣ್ಣ ಮುಚ್ಯಾನ, ಯಾರರ ಬಾಗಲಾ ಬಡದ ಕೂಡ್ಲೇ ಎದ್ದ ಹೋಗ್ಯಾನ. ಬೂಟ ಸುದ್ದಾ ತಗದಿಲ್ಲ."

ಆ ತಗ್ಗಿನ ಹತ್ತಿರ ಬಟ್ಟೆ ಹರಿದಿತ್ತು. ಯಾರೋ ಅದನ್ನು ಹೊಲಿದಿದ್ದರು. ನಮ್ಮವರ ಹೊಲಿಗೆಯಲ್ಲ. ನಾವು ದಬ್ಬಣ ಚುಚ್ಚಿ ಒಂದೇ ದಾರ ಎಳೆದುಕೊಂಡು ಹೋಗುತ್ತೇವೆ. ಇಲ್ಲಿ ಒಂದೊಂದು ಹೊಲಿಗೆಗೂ ಒಂದೊಂದು ಗಂಟು, ಪ್ರತಿ ಗಂಟನ್ನೂ ಬೇರೆಯಾಗಿ ಕತ್ತರಿಸಿದ್ದು. ಸೀಳಿದ ಕಾಲಿಗೆ, ಒಡೆದ ಹಣೆಗೆ ಡಾಕ್ಟರು ಹಾಕುವ ಹೊಲಿಗೆ. ತಮ್ಮ ಅಪ್ಪನ ಗಾದಿಗೆ ತನ್ವೀರ ತಮಗೆ ಬರುತ್ತಿದ್ದ ಹೊಲಿಗೆಯನ್ನೇ ಹಾಕಿದ್ದರು.

ಬಿಚ್ಚಿದಾಗ ಒಳಗಿಂದ ಹಳದಿಗೆ ತಿರುಗಿದ ಹಳೆಯ ಜಯಧರ ಹತ್ತಿ, ಅದರೊಳಗೆ ಪೆನ್ನಿನ ಒಂದು ಮುಚ್ಚಳ, ಬಿಸ್ಕೀಟಿನ ಪುಡಿ. ಅವ್ವ ಪುಡಿಯನ್ನು ಬೆರಳಿಗೆ ಹಚ್ಚಿ ಬಹಳ ಹೊತ್ತು ನೋಡಿದಳು.

"ಇದ ಊಟಾ ಆಗಿರತೈತೇನು?"

"ಆಗಿರಬೇಕು," ಎಂದ ಅಪ್ಪ.

"ಹಂಗಾರ ಎಸಿ?"

"ಗಾದ್ಯಾಗಂತೂ ಸಿಕ್ಕಿಲ್ಲ."

ಅವ್ವ ನಗಲಿಲ್ಲ. ಸಂಜೆ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ನೀ ಬ್ಯಾಡ ಅಂದ್ರ ನಾ ಏನೂ ಅನ್ನಂಗಿಲ್ಲವಾ. ಇಂಥಾ ಗಾದಿ ಇರೂ ಮನ್ಯಾಗ, ಗಂಡ ಯಾವಾಗ ಬರತಾನ ಯಾವಾಗ ಹೋಗತಾನ ಗೊತ್ತಿಲ್ಲ. ಅದಕ್ಕ ಡಾಕ್ಟರ ಯಾಕ ಬೇಕು, ಬಸ್ ಕಂಡಕ್ಟರ ಸಾಕಾಗತಾನ."

ನನ್ನ "ಬೇಡ"ಕ್ಕೆ ಈಗ ಅವ್ವನ ಒಪ್ಪಿಗೆಯೂ ಇತ್ತು. ಆದರೆ ಮರುದಿನ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಆ ಬಿಳಿ ಮನೆ ಬರಲಿಲ್ಲ. ಖೋಲಿಗಳೆಲ್ಲ ಒಂದರೊಳಗೊಂದು ಮಡಚಿಕೊಂಡು ಒಂದೇ ಖೋಲಿಯಾಗಿದ್ದವು. ಒಂದು ಬಾಗಿಲು, ಅದರಿಂದ ಓರೆಯಾಗಿ ಬೀಳುವ ಬಿಸಿಲು, ಅದರೊಳಗೆ ನಿಂತ ಎಳೆಗಳು. ಗಾದಿಯ ಅಂಚಿನಲ್ಲಿ ಯಾರೋ ನನಗೆ ಬೆನ್ನು ಮಾಡಿ ಕೂತಿದ್ದರು. ಬಾಗಿಲು ಬಡಿಯುವ ಸದ್ದು ಕೇಳಿತು. ಅವರು ಎದ್ದರು. ಮತ್ತೆ ಕೂತರು. ಮತ್ತೆ ಸದ್ದು. ನಾನು ಅಡುಗೆಮನೆ ಹುಡುಕಿದೆ. ಅದು ಪಕ್ಕದಲ್ಲೇ ಇತ್ತು. ಹೋಗಲಿಲ್ಲ. ಎಚ್ಚರವಾದಾಗ ಅಪ್ಪನ ಯಂತ್ರ ನಿಂತಿತ್ತು, ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಗಿರಣಿಗಳು ನಿಧಾನ ತಿರುಗುತ್ತಿದ್ದವು.

ಬುಧವಾರ, ಗುರುವಾರ ಎರಡೂ ದಿನ ಆ ಅರಳೆಯ ಜೊತೆಗೇ ಕಳೆದೆ. ಇಟ್ಟಂಗಿಯಂತಿದ್ದ ಗಂಟು ಹಿಂಜಿದಷ್ಟೂ ಹಿಗ್ಗಿ, ಉಳಿದ ಹತ್ತಿಗಿಂತ ಹಗುರಾಯಿತು. ಹೊಸ ಬಟ್ಟೆ ಹಾಕಿದೆವು. ಗಂಟು ಗಂಟಿನ ಆ ಹೊಲಿಗೆಯಿದ್ದ ತುಂಡನ್ನು ಮಾತ್ರ ಹಳೆಯ ಬಟ್ಟೆಯಿಂದ ಕತ್ತರಿಸಿ, ಹೊಸ ಬಟ್ಟೆಯ ಮೇಲೆ ಅದೇ ಜಾಗದಲ್ಲಿ ತೇಪೆಯಾಗಿ ಹೊಲಿದೆ. ಬಾಗಿಲ ಕಡೆಯ ಅಂಚಿಗೆ ಒಂದು ಪದರ ಹೆಚ್ಚು ಅರಳೆ ಕೊಟ್ಟೆ.

ಶುಕ್ರವಾರ ನಮಾಜು ಮುಗಿದ ಹೊತ್ತಿಗೆ ಅವರು ಬಂದರು. ಬಿಳಿ ಕಾರು ಬರಲಿಲ್ಲ. ರೋಣದ ಬಸ್ಸಿನಿಂದ ಇಳಿದು, ಬಿಸಿಲಲ್ಲಿ ನಡೆದುಕೊಂಡು, ಚಮನಬಿ ಮುಂದೆ, ಮಗ ಹಿಂದೆ. ಮಗನ ಬೂಟಿನ ಮೇಲೆ ಎರಿ ಮಣ್ಣು ಒಣಗಿತ್ತು. ನಾನು ಪರದೆಯ ಹಿಂದಿನಿಂದ ಮೊದಲು ನೋಡಿದ್ದು ಬೂಟನ್ನೇ.

ಶುಕ್ರವಾರವಾದ್ದರಿಂದ ಅಂಗಡಿಯ ಶಟರು ಇಳಿಸಿತ್ತು. ಮನೆಯ ಬಾಗಿಲಿನಿಂದ ಅವರನ್ನು ಕರೆದುಕೊಂಡು ಅಪ್ಪ ಅಂಗಡಿಯೊಳಗೇ ಕೂಡಿಸಿದ. ತನ್ವೀರ ಹೊಸದಾಗಿ ಹೊಲಿದ ತಮ್ಮ ಗಾದಿಯ ಅಂಚಿನಲ್ಲಿ ಕೂತರು. ಕೂತ ಜಾಗ ಅದೇ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ," ಎಂದಳು ಅವ್ವ. "ಡಾಕ್ಟರ ಅಂದ ಮ್ಯಾಲ ನಾವು ಬ್ಯಾರೇನ ತಿಳದಿದ್ವಿ."

"ಎಲ್ಲಾರೂ ತಿಳೀತಾರವಾ," ಎಂದರು ಚಮನಬಿ. "ಹಿಂದ ಎರಡ ಸಂಬಂಧ ಬಂದಿದ್ವು. ದವಾಖಾನಿ ಹಿಂದಿನ ಆ ಒಂದ ಖೋಲಿ ನೋಡಿ, 'ಇದಾತು, ಖರೇ ಮನಿ ಎಲ್ಲೈತ್ರಿ' ಅಂತ ಕೇಳಿದ್ರು. ಇದ ಖರೇ ಮನಿ ಅಂದ್ರ ನಗತಾರ. ಮುಚ್ಚಿಡಾಕತ್ತೀರಿ ಅಂತಾರ. ಬಾಯಿಲೆ ಹೇಳಿ ಸಾಕಾತು. ಅದಕ್ಕ ಗಾದಿ ಕಳಸಿದ್ನಿ. ಪಿಂಜಾರರ ಮನಿಯಾವ್ರಿಗೆ ಅದನ್ನ ಓದಾಕ ಬರತೈತಿ."

"ಬಿಳೇ ಕಾರ ಇದ್ದಾವ್ರೂ ಅದಾರ್ರಿ," ಎಂದರು ತನ್ವೀರ, ನೆಲ ನೋಡುತ್ತ. ದನಿ ದಣಿದಿತ್ತು. "ನನ್ನ ಜೋಡಿ ಓದಿದವ್ರ ಒಂದಿಬ್ಬರು. ಸುಳ್ಳಲ್ಲ. ನಂಗೂ ಪಗಾರ ಬರತೈತಿ, ಹಸದ ಮಲಗಿಲ್ಲ. ಆದ್ರ ಅಲ್ಲಿ ಡಾಕ್ಟರ ನಾ ಒಬ್ಬನ. ಮುಂದ ಹಿಂಗ ಆಗತೈತಿ ಅಂತ ಮಾತ ಕೊಡಾಕ ಬರೂದಿಲ್ರಿ."

ಅಪ್ಪ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತನ್ವೀರರ ತಲೆ ಒಂದು ಕಡೆ ವಾಲಿತ್ತು. ನೋಡನೋಡುತ್ತ ಅವರು ಹಿಂಜಿದ ಅರಳೆಯೊಳಗೆ ಮೆಲ್ಲಗೆ ಇಳಿದು, ಬೂಟಿನ ಕಾಲು ಹೊರಗೇ ಬಿಟ್ಟು, ನಿದ್ದೆ ಹೋದರು. ಮೇಲಿನ ಕಿಂಡಿಯಿಂದ ಬಿಸಿಲು ಬೀಳುತ್ತಿತ್ತು. ಬಹಳ ಹೊತ್ತು ತೇಲುತ್ತಿದ್ದ ಒಂದು ಎಳೆ ಕೊನೆಗೆ ಅವರ ಕೂದಲ ಮೇಲೆ ಕೂತಿತು.

"ಎಬ್ಬಸ್ತೀನ್ರಿ," ಎಂದು ಚಮನಬಿ ನಾಚಿಕೊಂಡರು.

"ಇರಲಿ ಬಿಡ್ರಿ," ಎಂದ ಅಪ್ಪ. "ನಮ್ಮ ಕೆಲಸಕ್ಕ ಇದಕಿಂತ ದೊಡ್ಡ ಹೊಗಳಿಕಿ ಯಾವದೈತಿ."

ಆಗ ಮನೆಯ ಬಾಗಿಲು ಬಡಿದ ಸದ್ದಾಯಿತು.

ಅವ್ವನ ಎರಡೂ ಕೈಯಲ್ಲಿ ಚಹಾದ ತಾಟು. ನನ್ನ ಕಾಲು ತಾನಾಗಿಯೇ ಅಡುಗೆಮನೆಯ ಕಡೆ ತಿರುಗಿತು. ಹಾಗೆ ತಿರುಗುವಾಗ ಪರದೆಯ ಸಂದಿಯಿಂದ ಕಂಡೆ: ತನ್ವೀರ ಕಣ್ಣು ತೆರೆದಿರಲಿಲ್ಲ, ನಿದ್ದೆ ಹರಿದಿರಲಿಲ್ಲ. ಆದರೂ ಅವರ ಎರಡೂ ಕಾಲು ಆ ಸದ್ದಿಗೆ ನೆಲಕ್ಕೆ ಇಳಿದು ನಿಂತಿದ್ದವು.

ಮತ್ತೊಮ್ಮೆ ಬಡಿದರು. ನಾನು ಹೋಗಿ ಬಾಗಿಲು ತೆಗೆದೆ.

ಓಣಿಯ ನಿಂಗಪ್ಪ ಕಾಕಾ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಡಾಕ್ಟರ ಬಂದಾರಂತಲ್ಲ. ಮೊಣಕಾಲ ತೋರಸಬೇಕಿತ್ತು."

"ಯಾವಾಗಿಂದ ನೋವೈತ್ರಿ?" ನನ್ನ ದನಿ ನನಗೇ ಕೇಳಿಸಿತು.

"ಯುಗಾದಿಯಿಂದ."

"ಬಿದ್ದೀರೇನ್ರಿ? ಬಾವು, ಜ್ವರಾ?"

"ಏನಿಲ್ಲ. ಕುಂತ ಏಳಾಕ ಆಗವಲ್ದು."

"ಯುಗಾದಿಯಿಂದ ತಡದೀರಿ, ಇನ್ನೊಂದ ತಾಸ ತಡೀರಿ ಕಾಕಾ. ಮಲಗ್ಯಾರ. ಇಲ್ಲೇ ಕಟ್ಟಿ ಮ್ಯಾಲ ನೆಳ್ಳಿಗೆ ಕುಂಡ್ರಿ. ಎದ್ದ ಕೂಡ್ಲೇ ನಾನ ಕರೀತೀನಿ."

ಅವರು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡಿದರು. "ಮೋದಿನಸಾಬನ ಮಗಳಲ್ಲೇನ ನೀ? ಇಷ್ಟ ವರ್ಷ ನಿಂಗ ಮಾತ ಬರಂಗಿಲ್ಲ ಅಂತ ತಿಳದಿದ್ನೆವಾ ನಾ."

ಒಳಗೆ ಬಂದೆ. ಅಪ್ಪ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಚಮನಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನ ಬೂಟಿನ ದಾರ ಬಿಚ್ಚುತ್ತಿದ್ದರು. ಒಂದಾದ ಮೇಲೊಂದು ಅವರ ಕಾಲುಗಳು ಗಾದಿಯ ಮೇಲಕ್ಕೆ ಸರಿದವು. ತನ್ವೀರ ಗೋಡೆಯ ಕಡೆ ಮಗ್ಗುಲಾದರು, ಯಾರೂ ಮಲಗದ ಆ ಮೆತ್ತನೆಯ ಕಡೆಗೆ.

ಅವ್ವ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಅವರಿಗೇನ ಹೇಳೂದವಾ?"

"ಹೂಂ ಅನ್ನವಾ," ಎಂದೆ.

ತಾಟಿನಿಂದ ಒಂದು ಕಪ್ಪು ಚಹಾ ಎತ್ತಿಕೊಂಡು, ನಿಂಗಪ್ಪ ಕಾಕಾನಿಗೆ ಕೊಡಲು ಮತ್ತೆ ಬಾಗಿಲಿಗೆ ಹೋದೆ.